ಇಳಿಗೆರೆ

ಗೆದ್ದು ಗೆದ್ದು ಸುಸ್ತಾದ ಊರು ಎಂಬುದೊಂದಿದ್ದರೆ ಅದು ಬಿಳಿಗೆರೆಹುಂಡಿ. ಅಲ್ಲಿನ ರೇಷ್ಮೆ ಬೆಳೆಗಾರರ ಸಹಕಾರ ಸಂಘದ ಹೆಣ್ಣುಮಕ್ಕಳ ಖೋ-ಖೋ ತಂಡ ಹತ್ತು ವರ್ಷಕ್ಕೂ ಮೇಲ್ಪಟ್ಟು ರಾಜ್ಯ ಲೀಗಿನ ಕಪ್ ಅನ್ನು ಬೇರೆಯವರ ಕೈಗೆ ಬಿಟ್ಟಿರಲಿಲ್ಲ. ಮೊದಮೊದಲು ಕಪ್ ಬಂದಾಗ ತಮಟೆ ಹೊಡೆಸಿ ಮೆರವಣಿಗೆ ಮಾಡುತ್ತಿದ್ದರು. ಆಮೇಲೆ ಒಂದೆರಡು ಪಟಾಕಿಗೆ ಮುಗಿಸುತ್ತಿದ್ದರು. ಕೊನೆಕೊನೆಗೆ ಸಂಘದ ಜವಾನನೊಬ್ಬನೇ ಹೋಗಿ ಬಸ್ ನಿಲ್ದಾಣದಿಂದ ಆಟೊದಲ್ಲಿ ಕಪ್ ತಂದು, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಬೀರುವಿನಲ್ಲಿ ಜಾಗ ಸಾಲದೆ ಹಳೆಯ ಕಪ್‌ಗಳು ಹುಳು ಗೂಡು ಕಟ್ಟುವ, ಮುರಿದ ಬಿದಿರಿನ ಚಂದ್ರಿಕೆಗಳ ಜೊತೆ ಗೋದಾಮು ಸೇರಿದ್ದವು.

ಈ ಗೆಲುವಿನ ಗುಟ್ಟು ಎಲ್ಲರಿಗೂ ಗೊತ್ತಿತ್ತು. ರೇಷ್ಮೆ ಎಳೆಗೆ ಇಂಗಾಲದ ಎಳೆ ಸೇರಿಸಿ ನೇಯ್ದ ಅಂಗೈ ಅಗಲದ ಪಟ್ಟಿ ಅದು. ಆಟಗಾರ್ತಿಯ ಬೆನ್ನಿನ ಮೇಲೆ, ಎರಡು ಹೆಗಲಮೂಳೆಗಳ ನಡುವೆ ಅಂಟಿಸುತ್ತಾರೆ. ಸ್ನಾಯು ಮಿಸುಕಿದಾಗ ಹುಟ್ಟುವ ಚೂರುಪಾರು ವಿದ್ಯುತ್ತನ್ನು ಪಟ್ಟಿ ಹಿಡಿದು ಅಳತೆಕೋಣೆಯ ಪರದೆಗೆ ಕಳಿಸುತ್ತದೆ. ದಣಿದ ಸ್ನಾಯು ಭಾರ ಹೊರುವ ಮೊದಲು ಒಂದಿಷ್ಟು ನಡುಗುತ್ತದೆ, ಕಾಲು ಸೋಲುವುದಕ್ಕೆ ಎರಡು ಹಂಗಾಮು ಮೊದಲೇ ಆ ನಡುಕ ಬೆನ್ನಿನಲ್ಲಿ ಕಾಣಿಸುತ್ತದೆ ಎಂಬುದು ಅದನ್ನು ಮಾಡಿದವರ ಸಿದ್ಧಾಂತ. ಪರದೆಯ ಹಸಿರು ಗೆರೆ ನಡುಗಲು ಶುರುವಾದರೆ ಯಂತ್ರ ಅದನ್ನು ಕೆಂಪಾಗಿಸುತ್ತದೆ. ಹುಡುಗಿಯರು ಅದಕ್ಕೆ ಇಳಿಗೆರೆ ಎಂದು ಹೆಸರಿಟ್ಟಿದ್ದರು.

ಗೆದ್ದ ತಂಡಗಳೆಲ್ಲ ಕೊನೆಗೆ ಸೋಲುವುದು ಗೆಲ್ಲಿಸಿದವರನ್ನು ಬಿಡಲು ಮನಸ್ಸು ಬಾರದೆ ಎಂದು ಯಂತ್ರ ಮಾರಲು ಬಂದವರು ಹೇಳಿದ್ದರು. ಮಾತು ಸುಳ್ಳೇನಲ್ಲ. ಬೇರೆ ಊರಿನ ತಂಡಗಳು ಮಂಡಿನೋವಿಗೆ ಬಟ್ಟೆಪಟ್ಟಿ ಕಟ್ಟಿಕೊಂಡ ಹಿರಿಯರನ್ನು ಮೋಹಕ್ಕೆ ಬಿದ್ದು ಆಡಿಸುತ್ತಿದ್ದವು. ಬಿಳಿಗೆರೆಹುಂಡಿ ಇಳಿಗೆರೆ ಕಂಡ ವಾರದಲ್ಲೇ ಹುಡುಗಿಯನ್ನು ತೆಗೆದುಬಿಡುತ್ತಿತ್ತು. ಹಾಗಂತ ಮರ್ಯಾದೆಗೆ ಕಡಿಮೆ ಇರಲಿಲ್ಲ. ಹೋಗುವವಳನ್ನು ಮೊದಲ ಚೌಕದಲ್ಲಿ ಕೂರಿಸಿ, ತಂಡದವರೆಲ್ಲ ಒಬ್ಬೊಬ್ಬರಾಗಿ ಹಿಂದಿನಿಂದ ಬಂದು ಅವಳ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು ಖೋ ಎನ್ನುತ್ತಿದ್ದರು. ಕೊನೆಯ ಖೋ ಬಿದ್ದಾಗ ಅವಳು ಎದ್ದು, ಓಡದೆ ನಡೆದುಕೊಂಡು ಕಂಬದಾಚೆ ಹೋಗುತ್ತಿದ್ದಳು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿಯರು. ನೋಡುತ್ತಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ತೆಗೆದವಳ ಮನೆಗೆ ಸಂಘದಲ್ಲೊಂದು ಕೆಲಸ ಕೊಡುವುದೂ ಪದ್ಧತಿಯಾಗಿತ್ತು.

ದೇವೀರಮ್ಮನಿಗೆ ಕೆಲಸ ಸಿಕ್ಕಿದ್ದು ಹಾಗೆ. ನಾಲ್ಕು ವರ್ಷದ ಹಿಂದೆ ಅವಳ ಅಕ್ಕ ಚೆಲುವಾಂಬೆಯನ್ನು ತೆಗೆದರು. ದೇವೀರಿ ಆಗಷ್ಟೇ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಅಳತೆಕೋಣೆಯವನು ಕೆಲಸ ಬಿಟ್ಟು ಹೋಗಿದ್ದ. ಅಕ್ಕನನ್ನು ಇಳಿಸಿದ ಯಂತ್ರವನ್ನು ನೋಡಿಕೊಳ್ಳುವ ಕೆಲಸವೇ ತಂಗಿಗೆ ಬಂತು. ಅಕ್ಕ ಇಳಿದಳು, ತಂಗಿ ಹತ್ತಿದಳು ಎಂದು ಊರವರು ಅವಳೆದುರಿಗೇ ಆಡಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ಇಲ್ಲದ ಮನೆ, ತಿಂಗಳಿಗೊಂದು ಸಂಬಳ ಬೇಕಿತ್ತು. ಚೆಲುವಕ್ಕನೇ ಹೋಗು ಎಂದು ಕಳಿಸಿದ್ದಳು. ತಾನು ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಕ್ಕೆ ಸೇರಿಕೊಂಡು ದಿನವಿಡೀ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಆಟದ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ತಂಡ ಸೋಲಲು ಶುರು ಮಾಡಿತು.

ಮೊದಲ ಸೋಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಮೈದಾನದ ಮಣ್ಣನ್ನು ಬೈದರು. ಆ ಹಂಗಾಮು ಹೇಗೋ ತೆವಳಿಕೊಂಡು ಕಪ್ ಬಂತು. ಮುಂದಿನ ಹಂಗಾಮಿನಲ್ಲಿ ಲೀಗಿನ ಬಾಲದಲ್ಲಿದ್ದ ತಂಡವೂ ಬಂದು ಹೊಡೆದು ಹೋಯಿತು. ಸಂಘದ ಅಧ್ಯಕ್ಷ ಅಭಿಲಾಷ್ ಅವರು ದೇವೀರಿಯನ್ನು ಕರೆಸಿ ಯಾರ ಬೆನ್ನು ಕೆಟ್ಟಿದೆ ನೋಡಿ ಹೇಳು ಎಂದರು. ಅವಳು ನೋಡಿದಳು. ಯಾರ ಬೆನ್ನೂ ಕೆಟ್ಟಿರಲಿಲ್ಲ. ಪರದೆ ತುಂಬ ಹಸಿರು ಗೆರೆ, ಒಂದಕ್ಕಿಂತ ಒಂದು ನೆಟ್ಟಗೆ. ಇಷ್ಟು ಒಳ್ಳೆಯ ಮೈಕಟ್ಟಿನ ತಂಡ ತಾನು ಅಳೆಯಲು ಶುರು ಮಾಡಿದಾಗಿನಿಂದ ಇರಲಿಲ್ಲ ಎಂದು ಯಂತ್ರ ಹೇಳುತ್ತಿತ್ತು. ಆದರೆ ತಂಡ ಸೋಲುತ್ತಿತ್ತು. ಅವಳಿಗೆ ಈ ಯಂತ್ರದ ಮುಂದೆ ಕೂತು ಕಣ್ಣು ಉರಿಸಿಕೊಳ್ಳುವುದೇ ಬೇಜಾರು ಹಿಡಿಸಿತ್ತು. ಆದರೂ ಸಂಬಳಕ್ಕೆ ಕೂತವಳು ಕೂರಬೇಕಲ್ಲ.

ಒಂದು ಬೆಳಿಗ್ಗೆ ಅಭ್ಯಾಸದ ಹೊತ್ತಿನಲ್ಲಿ ಒಂದು ಗೆರೆ ನಡುಗಿತು. ನಾಯಕಿ ಕೆಂಪಾಜಿಯದು. ದೇವೀರಿ ಪಟ್ಟಿ ಬದಲಾಯಿಸಿ ನೋಡಿದಳು. ಮತ್ತೆ ನಡುಗಿತು. ಯಂತ್ರ ಎರಡು ದಿನ ಕಾದು ಮೂರನೆಯ ದಿನ ಗೆರೆಯನ್ನು ಕೆಂಪಾಗಿಸಿತು.

ಕೆಂಪಾಜಿ ಈ ತಂಡದಲ್ಲಿ ಉಳಿದವರ ಪೈಕಿ ಹಳಬಳು. ಹಳಬಳೆಂದರೆ ಅವಳಿಗೂ ಇಪ್ಪತ್ತೆರಡೇ. ಈ ಊರಿನಲ್ಲಿ ಹೊಸದಾಗಿ ಬಂದ ಹುಡುಗಿಗೆ ಒಬ್ಬಳು ಬೆನ್ನಕ್ಕನನ್ನು ಗೊತ್ತು ಮಾಡುತ್ತಾರೆ. ಅಭ್ಯಾಸದಲ್ಲಿ ಹೊಸಬಳ ಬೆನ್ನಿಗೆ ಖೋ ಕೊಡುವವಳು ಅವಳೊಬ್ಬಳೇ. ಮುಖ ನೋಡದೆ, ಬರೀ ಕೈಯಿಂದ ಆಟ ಕಲಿಸುವ ಕ್ರಮ ಅದು. ಮೊದಲೆಲ್ಲ ಬೆನ್ನಕ್ಕಂದಿರು ಮೂವತ್ತರ ಆಸುಪಾಸಿನವರಿರುತ್ತಿದ್ದರು. ಯಂತ್ರ ಬಂದ ಮೇಲೆ ಹಿರಿಯರೇ ಉಳಿಯದೆ, ಹೋದ ವರ್ಷ ಬಂದವಳು ಈ ವರ್ಷ ಬಂದವಳಿಗೆ ಬೆನ್ನಕ್ಕನಾಗುತ್ತಿದ್ದಳು. ಕೆಂಪಾಜಿಗೆ ಬೆನ್ನಕ್ಕನಾಗಿದ್ದವಳು ಚೆಲುವಾಂಬೆ.

ವಿಷಯ ತಿಳಿದ ಕೆಂಪಾಜಿ ಅಳತೆಕೋಣೆಗೆ ಬಂದಳು. ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಪರದೆಯನ್ನು ನೋಡಿದಳು. ತನ್ನ ಕಾಲು ಚೆನ್ನಾಗಿದೆಯೆಂದೂ, ಆಟ ಬಿಟ್ಟರೆ ತಾನು ಬೇರೇನೂ ಕಲಿತಿಲ್ಲವೆಂದೂ, ಊರಿಗೆ ಹೋದರೆ ಮಾವನ ಮಗನೊಬ್ಬ ಕಾದು ಕೂತಿದ್ದಾನೆಂದೂ ಒಂದೇ ದನಿಯಲ್ಲಿ ಹೇಳಿದಳು.

"ಅಕ್ಕ, ನಾನು ಇಳ್ದಿದ್ದೀನಾ? ಮೆಷೀನ್ ಮಾತು ಬುಡಿ. ನೀವ್ ಹೇಳಿ."

ದೇವೀರಿ ತನಗೆ ಗೊತ್ತಿಲ್ಲ ಎಂದಳು. ಅದು ನಿಜವೇ ಆಗಿತ್ತು. ಇಳಿದ ಬೆನ್ನು ಎಂದರೆ ನಿಜಕ್ಕೂ ಹೇಗಿರುತ್ತದೆ ಎಂದು ಈ ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ನೋಡಿರಲಿಲ್ಲ. ತೆಗೆದವರ ಬೆನ್ನಿಗೆ ಯಾರೂ ಮತ್ತೆ ಪಟ್ಟಿ ಅಂಟಿಸುತ್ತಿರಲಿಲ್ಲ. ಅಂಥ ಒಂದು ಬೆನ್ನು ತನ್ನ ಮನೆಯಲ್ಲೇ ಇದೆ ಎಂಬುದು ಆಗ ಹೊಳೆಯಿತು.

ಭಾನುವಾರ ಚೆಲುವಕ್ಕನಿಗೆ ರಜೆ. ಅವಳು ಗೋಡೆಗೆ ಮುಖ ಮಾಡಿ ಚಾಪೆಯ ಮೇಲೆ ಕೂತು, ನೆನೆಹಾಕಿದ ಅವರೆಕಾಳನ್ನು ಹಿಚುಕಿ ಬೋಗುಣಿಗೆ ಹಾಕುತ್ತಿದ್ದಳು. ಪಟ್ಟಿ ಅಂಟಿಸಲೇ ಎಂದು ತಂಗಿ ಕೇಳಿದಾಗ ಅವಳ ಕೈ ನಿಂತಿತು. ಸತ್ತವರ ನಾಡಿ ಹಿಡಿದು ನೋಡ್ತೀಯಾ ಎಂದು ಮೂಗು ಮುರಿದಳು. ಕೆಂಪಾಜಿಯ ವಿಷಯ ಹೇಳಿದ ಮೇಲೆ ಸೆರಗು ಸರಿಸಿ ಬೆನ್ನು ಕೊಟ್ಟಳು.

ದೇವೀರಿ ಅಳತೆಕೋಣೆಯಿಂದ ತಂದಿದ್ದ ಸಣ್ಣ ಪರದೆ ಹಿಡಿದು ಮೂಲೆಯಲ್ಲಿ ಕೂತಳು. ಗೆರೆ ನೆಟ್ಟಗಿತ್ತು. ಅಕ್ಕ ಕೈ ಚಾಚಿದಾಗ, ಬಗ್ಗಿದಾಗ ಏರಿ ಇಳಿಯುತ್ತಿತ್ತು ಅಷ್ಟೇ. ನಡುಕ ಇರಲಿಲ್ಲ. ನಾಲ್ಕು ವರ್ಷದ ಹಿಂದೆಯೇ ದಣಿದ ಬೆನ್ನು ಈಗ ಇನ್ನಷ್ಟು ನಡುಗಬೇಕಿತ್ತು. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಅವಳು ನೀರು ಕುಡಿಯಲು ಎದ್ದಳು. ಅಕ್ಕನ ಹಿಂದೆ ಹಾದು ಅಡುಗೆಮನೆಗೆ ಹೋಗುವಾಗ ಕೈಯಲ್ಲಿದ್ದ ಪರದೆಯ ಮೇಲೆ ಕಣ್ಣು ಬಿತ್ತು. ಗೆರೆ ನಡುಗುತ್ತಿತ್ತು.

ಅವಳು ನಿಂತಳು. ನಡುಕ ನಿಂತಿತು. ಹಿಂದೆ ಸರಿದು ಮತ್ತೆ ನಡೆದಳು. ಅಕ್ಕನ ಬೆನ್ನಿಗೆ ಇನ್ನೂ ನಾಲ್ಕು ಹೆಜ್ಜೆ ದೂರವಿರುವಾಗಲೇ ಗೆರೆ ಮಿಸುಕಿತು. ಚಪ್ಪಲಿ ಹಾಕಿ ನಡೆದಳು, ಬರಿಗಾಲಲ್ಲಿ ನಡೆದಳು, ಎಡದಿಂದ ಬಂದಳು, ಬಲದಿಂದ ಬಂದಳು. ಬೆನ್ನು ಪ್ರತಿ ಸಲವೂ ಮೊದಲೇ ಬಿಗಿಯಾಗುತ್ತಿತ್ತು. ಚೆಲುವಕ್ಕನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಇದೇನೇ ನಿನ್ ಮೆರವಣಿಗೆ, ತಲೆ ತಿರುಗ್ತದೆ, ಒಂದ್ ಕಡೆ ಕೂರು ಎಂದು ಬೈದು ಕಾಳು ಹಿಚುಕುತ್ತಲೇ ಇದ್ದಳು.

ಅದು ದಣಿವಲ್ಲ. ಬೆನ್ನು ಹೆಜ್ಜೆಯ ಸದ್ದನ್ನು ಕೇಳಿಸಿಕೊಳ್ಳುತ್ತಿತ್ತು.

ಮಾರನೆಯ ದಿನದಿಂದ ದೇವೀರಿ ಅಳತೆಕೋಣೆಯ ಬಾಗಿಲು ಹಾಕಿಕೊಂಡು ಹಳೆಯ ಅಳತೆಗಳನ್ನು ಹಳೆಯ ಪಂದ್ಯಗಳ ವಿಡಿಯೊ ಜೊತೆ ಕೂಡಿಸಿ ನೋಡಿದಳು. ತಪ್ಪು ಎಲ್ಲಿದೆ ಎಂಬುದು ಬೇಗನೇ ಸಿಕ್ಕಿತು. ಅಷ್ಟು ಬೇಗ ಸಿಕ್ಕಿತಲ್ಲ ಎಂಬುದೇ ಅವಳಿಗೆ ನುಂಗಲಾರದ ತುತ್ತಾಯಿತು. ಯಂತ್ರಕ್ಕೆ ಪಾಠ ಹೇಳಲು ಬಳಸಿದ್ದು ಹದಿನಾರು ಹದಿನೇಳರ ಹೊಸ ಹುಡುಗಿಯರ ಬೆನ್ನುಗಳನ್ನು. ಅವರನ್ನು ಓಡಿಸಿ ಓಡಿಸಿ ಸುಸ್ತು ಮಾಡಿ, ಆಮೇಲೆ ಚೌಕದಲ್ಲಿ ಕೂರಿಸಿ ಎಬ್ಬಿಸಿದ್ದರು. ಸುಸ್ತಾದವರು ಏಳುವ ಮೊದಲು ನಡುಗಿದ್ದರು. ಏಳುವ ಮೊದಲು ನಡುಗಿದರೆ ದಣಿವು ಎಂದು ಯಂತ್ರ ಕಲಿತಿತ್ತು. ಆದರೆ ಖೋ ಕೊಡುವ ಕೈ ಬೆನ್ನಿಗೆ ಬಿದ್ದ ಹೊತ್ತನ್ನು ಯಾರೂ ಯಂತ್ರಕ್ಕೆ ಹೇಳಿರಲಿಲ್ಲ. ಕೈ ಸರಿಯಾಗಿ ಬಿತ್ತೋ ಇಲ್ಲವೋ ನೋಡುವುದು ಅಂಪೈರನ ಕೆಲಸ, ಅದನ್ನು ಅಳೆಯುವುದೇನು ಬಂತು ಎಂದು ಖೋ-ಖೋ ಆಡಿದವರೇ ಸೇರಿ ತೀರ್ಮಾನಿಸಿದ್ದರು.

ಈಗ ಅವಳು ವಿಡಿಯೊದಿಂದ ಕೈ ಬಿದ್ದ ಹೊತ್ತನ್ನು ಹುಡುಕಿ ಗೆರೆಯ ಮೇಲೆ ಗುರುತು ಹಾಕಿದಳು. ದಣಿದ ಹುಡುಗಿಯ ನಡುಕ ಕೈ ಬಿದ್ದ ಮೇಲೆ ಬರುತ್ತಿತ್ತು. ತೆಗೆದುಹಾಕಿದ ಹುಡುಗಿಯರ ನಡುಕ ಕೈ ಬೀಳುವ ಮೊದಲೇ ಬಂದಿತ್ತು. ಖೋ ಬೀಳದೆ ಎದ್ದರೆ ಫೌಲು, ಆದ್ದರಿಂದ ಅವರು ಏಳುತ್ತಿರಲಿಲ್ಲ. ಹಿಂದೆ ಬರುವ ಹೆಜ್ಜೆ ನಿಧಾನವಾಯಿತೇ, ಬಲಕ್ಕೆ ವಾಲಿತೇ, ಉಸಿರು ಕಟ್ಟಿತೇ ಎಂದು ಕೇಳಿಕೊಂಡು, ಈ ಖೋ ತನಗೇ ಬರುತ್ತದೆ ಎಂದು ಮೈಯನ್ನು ಸಿದ್ಧ ಮಾಡಿಕೊಂಡು ಕೂರುತ್ತಿದ್ದರು. ಐದಾರು ವರ್ಷ ಆಡಿದ ಮೇಲೆ ಬರುವ ಗುಣ ಅದು. ಕಾಲಿನ ವೇಗ ಕಡಿಮೆಯಾಗುವ ಹೊತ್ತಿಗೆ ಕಿವಿ ಚುರುಕಾಗುತ್ತದೆ. ಬಿಳಿಗೆರೆಹುಂಡಿ ಇಷ್ಟು ವರ್ಷ ತನ್ನ ಹುಡುಗಿಯರನ್ನು ಕೇಳಿಸಿಕೊಳ್ಳಲು ಕಲಿತ ವಾರದಲ್ಲೇ ಮನೆಗೆ ಕಳಿಸಿತ್ತು.

ಹಾಗಾದರೆ ಗೆದ್ದದ್ದು ಹೇಗೆ ಎಂದೂ ಅವಳು ಹುಡುಕಿದಳು. ಯಂತ್ರ ಬರುವ ಮೊದಲೇ ಆಡಿದ್ದ ಹಿರಿಯರು ಬೆನ್ನಕ್ಕಂದಿರಾಗಿ ಎಳೆಯರಿಗೆ ತಮ್ಮ ಕೈಯ ವಿದ್ಯೆ ಕೊಟ್ಟು ಹೋಗಿದ್ದರು. ಆ ಎಳೆಯರು ತಮ್ಮ ನಂತರದವರಿಗೆ ಕಲಿತಷ್ಟನ್ನು ಕೊಟ್ಟಿದ್ದರು. ಪ್ರತಿ ಸಲವೂ ಒಂದಿಷ್ಟು ತೆಳ್ಳಗಾಗುತ್ತ ಬಂದು, ಈಗ ಮುಗಿದಿತ್ತು. ಪರದೆಯ ತುಂಬ ಇದ್ದ ನೆಟ್ಟನೆಯ ಹಸಿರು ಗೆರೆಗಳು ಏನನ್ನೂ ಕೇಳಿಸಿಕೊಳ್ಳದ ಬೆನ್ನುಗಳವು. ಅದರಲ್ಲಿ ಕೆಂಪಾಜಿ ಒಬ್ಬಳದು ಬೇರೆ. ಅವಳಿಗೆ ಚೆಲುವಕ್ಕ ಸಿಕ್ಕಿದ್ದಳು.

ಸಂಜೆ ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದಳು. ಚೆಲುವಕ್ಕ ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಮುದುರಿದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ ಪೂರ್ತಿ ಕೇಳಿದಳು. ಎರಡು ಸಲ ಅದೇ ಪ್ರಶ್ನೆ ಕೇಳಿದಳು. ಅಂದರೆ ತಾನು ಅವತ್ತು ಇಳಿದಿರಲಿಲ್ಲವೇ, ಇನ್ನೂ ಆಡಬಹುದಿತ್ತೇ ಎಂದು. ದೇವೀರಿ ಹೌದೆಂದಳು. ಇನ್ನೂ ಏಳೆಂಟು ವರ್ಷ ಆಡಬಹುದಿತ್ತು ಎಂದಳು. ಆ ಕೊನೆಯ ಮಾತು ಬೇಡವಾಗಿತ್ತು ಎಂದು ಹೇಳಿದ ಮೇಲೆ ಅನಿಸಿತು.

"ಯಾರ್ಗೂ ಹೇಳ್ಬ್ಯಾಡ ಕನೆ," ಎಂದಳು ಚೆಲುವಕ್ಕ.

ದೇವೀರಿಗೆ ಅರ್ಥವಾಗಲಿಲ್ಲ.

"ನಾಲ್ಕ್ ವರ್ಸ ನಾನು ಇಳ್ದೋಗಿದ್ದೆ ಅಂತ ಅಂದ್ಕಂಡು ಬದುಕಿದ್ದೀನಿ. ಮೈ ಸೋತೋಯ್ತು, ಯಾರ್ ಏನ್ ಮಾಡಕ್ಕಾಯ್ತದೆ ಅಂತ. ದಿನಾ ತೊಟ್ಟಿ ಮುಂದ್ ಕೂತಾಗ ಅದೊಂದೇ ಸಮಾಧಾನ. ಈಗ ಇಳ್ದಿರ್ಲಿಲ್ಲ ಅಂದ್ರೆ ನಾನು ನಾಳಿಕ್ಕೆ ಏನಂದ್ಕಂಡು ಹೋಗಿ ಕೂರ್ಲಿ?"

ಹೇಳದಿದ್ದರೆ ಕೆಂಪಾಜಿಯನ್ನು ತೆಗೆಯುತ್ತಾರೆ ಎಂದು ದೇವೀರಿ ನೆನಪಿಸಿದಳು. ಅದು ತನಗೆ ಗೊತ್ತಿಲ್ಲವೇ ಎಂದು ಅಕ್ಕ ಸಿಡುಕಿದಳು. ತನ್ನಂಥವರು ಈ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆಂದು ಯೋಚಿಸು ಎಂದಳು. ಒಬ್ಬೊಬ್ಬರೂ ಹೇಗೋ ಮನಸ್ಸು ಕಟ್ಟಿಕೊಂಡು ಕೂತಿದ್ದಾರೆ, ಅವರ ಮನೆಬಾಗಿಲಿಗೆಲ್ಲ ಹೋಗಿ ಇದನ್ನು ಸುರಿದು ಬರುತ್ತೀಯಾ ಎಂದಳು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದಳು.

ದೇವೀರಿ ನಡುವಿನ ದಾರಿ ಹುಡುಕಿದಳು. ನಡುವಿನ ದಾರಿ ಹುಡುಕುವವರಿಗೆ ಎರಡೂ ಕಡೆಯ ಒದೆ ಗ್ಯಾರಂಟಿ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಅವಳು ಕೋಚ್ ಸಿಂಚನ ಅವರೊಬ್ಬರಿಗೇ ಗುಟ್ಟಾಗಿ ಹೇಳಿದಳು. ಸಿಂಚನ ಮೇಡಂ ಯಂತ್ರ ಬರುವ ಮೊದಲಿನ ಕಾಲದವರು. ಐವತ್ತು ದಾಟಿದ್ದರು. ಇಪ್ಪತ್ತೊಂಬತ್ತಕ್ಕೇ ಕಾಲಿನ ಶಕ್ತಿ ಹೋಗಿದ್ದರೂ ಮೂವತ್ನಾಲ್ಕರವರೆಗೆ ಆಡಿದವರು. ಬರೀ ಕಿವಿಯಲ್ಲಿ ಆಡಿದೆ ಎಂದು ಅವರೇ ಹಿಂದೆಲ್ಲ ಹೇಳುತ್ತಿದ್ದರು. ದೇವೀರಿ ತೋರಿಸಿದ ಗೆರೆಗಳನ್ನು ಅವರು ಕನ್ನಡಕ ಏರಿಸಿ ಇಳಿಸಿ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಂಗೆ ಅನುಮಾನ ಇತ್ತಮ್ಮ," ಎಂದರು. "ಮೆಷೀನ್ ನಂಬಿದೆ ಅಂತಲ್ಲ. ಗೆಲ್ತಾ ಇದ್ವಿ. ಗೆಲ್ಲೋವಾಗ ಅನುಮಾನ ಪಡೋಕೆ ಸೋಮಾರಿತನ."

ಸಂಘದ ಮಂಡಳಿಗೆ ಸದ್ಯ ಏನೂ ಹೇಳುವುದು ಬೇಡ, ತಂಡ ಹೇಗೋ ಕೊನೆಯ ನಾಲ್ಕರ ಘಟ್ಟ ಮುಟ್ಟಿದೆ, ಕೆಂಪಾಜಿಯನ್ನು ಸೆಮಿಫೈನಲ್‌ನಲ್ಲಿ ಆಡಿಸಿಬಿಡೋಣ, ಗೆದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು ಅವರು ಯೋಜನೆ ಹಾಕಿದರು. ದೇವೀರಿಗೂ ಅದೇ ಬೇಕಿತ್ತು. ಗೆದ್ದುಬಿಟ್ಟರೆ ಕೆಂಪಾಜಿಯೂ ಉಳಿಯುತ್ತಾಳೆ, ಅಕ್ಕನ ಸಮಾಧಾನವೂ ಉಳಿಯುತ್ತದೆ.

ಪಂದ್ಯ ಬಿಳಿಗೆರೆಹುಂಡಿಯಲ್ಲೇ ನಡೆಯಿತು. ಕೆಂಪಾಜಿ ಚೆನ್ನಾಗಿ ಆಡಿದಳು, ಬಹಳ ಚೆನ್ನಾಗಿ ಆಡಿದಳು. ಅವಳ ಬೆನ್ನಿಗೆ ಕೈ ಬಿದ್ದ ಕ್ಷಣಕ್ಕೆ ಅವಳು ಚೌಕದಲ್ಲಿ ಇರುತ್ತಿರಲಿಲ್ಲ. ಆದರೆ ಅಟ್ಟಿಸಿಕೊಂಡು ಹೋಗಿ ಅವಳು ಖೋ ಕೊಟ್ಟ ಹುಡುಗಿಯರು, ಕೈ ಬಿದ್ದ ಮೇಲೆ ಬೆಚ್ಚಿ, ಎದ್ದು, ಓಡುವಷ್ಟರಲ್ಲಿ ಎದುರು ತಂಡದವಳು ಕಂಬ ಸುತ್ತಿಕೊಂಡು ಆಚೆ ಬದಿಗೆ ಹೋಗಿರುತ್ತಿದ್ದಳು. ಸಾಲಿನಲ್ಲಿ ಕೂತ ಎಂಟು ಜನರಲ್ಲಿ ಒಬ್ಬಳಿಗೆ ಮಾತ್ರ ಕಿವಿಯಿದ್ದು ಏನು ಬಂತು? ಎದುರು ತಂಡದಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸೊಬ್ಬಳಿದ್ದಳು. ಇಬ್ಬರು ಮಕ್ಕಳ ತಾಯಿ. ಅವಳು ಹೆಚ್ಚು ಓಡಲೇ ಇಲ್ಲ. ಖೋ ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ತಿಳಿದವಳಂತೆ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದಳು, ಅಷ್ಟೇ. ಬಿಳಿಗೆರೆಹುಂಡಿ ಸೋತಿತು.

ನಾಯಕಿಯ ಗೆರೆ ಕೆಂಪಾಗಿದ್ದರೂ ಆಡಿಸಿದ್ದಾರೆ ಎಂಬ ಸುದ್ದಿ ಆ ರಾತ್ರಿಯೇ ಊರೆಲ್ಲ ಹಬ್ಬಿತು. ಯಾರು ಹಬ್ಬಿಸಿದರೋ ತಿಳಿಯದು. ಯಂತ್ರದ ಮಾತು ಮೀರಿದ್ದಕ್ಕೆ ಸೋತೆವು ಎಂದು ಅಂಗಡಿ ಜಗುಲಿಯಲ್ಲೆಲ್ಲ ತೀರ್ಪು ಕೊಟ್ಟರು. ಯಂತ್ರ ಎಷ್ಟು ಸರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಕೆಂಪಾಜಿಯನ್ನು ಉಳಿಸಲು ಮಾಡಿದ ಉಪಾಯ ಅವಳ ಕುತ್ತಿಗೆಗೇ ಬಂತು.

ಆಡಳಿತ ಮಂಡಳಿಯ ಸಭೆ ಬುಧವಾರ ಮಧ್ಯಾಹ್ನ ಕರೆದರು. ಊಟದ ನಂತರದ ಹೊತ್ತು, ಫ್ಯಾನು ಗರಗರ ತಿರುಗುತ್ತಿತ್ತು, ಅರ್ಧ ಜನ ತೂಕಡಿಸುತ್ತಿದ್ದರು. ಅಧ್ಯಕ್ಷ ಅಭಿಲಾಷ್ ಅವರಿಗೆ ಸಿಟ್ಟಿರಲಿಲ್ಲ. ಆಯಾಸವಿತ್ತು. ಕೆಂಪಾಜಿಯನ್ನು ತೆಗೆಯುವ ಠರಾವು, ಸಿಂಚನ ಅವರಿಗೆ ಒಂದು ಎಚ್ಚರಿಕೆ, ಎರಡನ್ನೂ ಓದಿ ಒಪ್ಪಿಗೆ ಕೇಳಿದರು. ಸಿಂಚನ ಮೇಡಂ ಕೈಕಟ್ಟಿ ನೆಲ ನೋಡುತ್ತಿದ್ದರು. ಎಚ್ಚರಿಕೆ ಪಡೆದವರ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಮಾತಾಡಿದರೆ ಯಂತ್ರ ನೋಡಿಕೊಳ್ಳುವವಳೇ ಮಾತಾಡಬೇಕಿತ್ತು. ಬಾಗಿಲಾಚೆ ಬೆಂಚಿನ ಮೇಲೆ ಕೆಂಪಾಜಿ ಕೂತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ದೇವೀರಿ ಅಕ್ಕನನ್ನು ನೆನೆದಳು. ಹೇಳಬೇಡ ಎಂದ ಮೇಲೆ ಆ ರಾತ್ರಿ ಅವಳು ಊಟ ಮಾಡದೆ ಮಲಗಿದ್ದನ್ನು ನೆನೆದಳು. ಸುಮ್ಮನಿರುವುದು ಎಷ್ಟು ಸುಲಭ ಎನಿಸಿತು. ಸುಮ್ಮನಿದ್ದರೆ ಈ ಬೆಂಚಿನ ಮೇಲಿನ ಹುಡುಗಿಯೂ ನಾಳೆ ಯಾವುದೋ ತೊಟ್ಟಿಯ ಮುಂದೆ ಕೂತು, ಮೈ ಸೋತುಹೋಯಿತು, ಯಾರಿಂದ ಏನು ಮಾಡಲಾಗುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಾಳೆ. ದೇವೀರಿ ಎದ್ದು ನಿಂತಳು.

ಅವಳು ಹೇಳಿದ್ದನ್ನು ಸಭೆ ಪೂರ್ತಿ ಕೇಳಿತು. ಕೈ ಬಿದ್ದ ಹೊತ್ತಿನ ಗುರುತು, ಮೊದಲು ಬರುವ ನಡುಕ, ಆಮೇಲೆ ಬರುವ ನಡುಕ, ಎಲ್ಲವನ್ನೂ ಗೋಡೆಯ ಮೇಲೆ ತೋರಿಸಿದಳು. ತೆಗೆದುಹಾಕಿದವರಲ್ಲಿ ಬಹುತೇಕ ಯಾರೂ ಇಳಿದಿರಲಿಲ್ಲ ಎಂದಳು. ತೂಕಡಿಸುತ್ತಿದ್ದವರು ಎದ್ದು ಕೂತರು. ಮಂಡಳಿಯಲ್ಲಿ ಇಬ್ಬರ ಹೆಣ್ಣುಮಕ್ಕಳನ್ನೂ ಹಾಗೇ ತೆಗೆದಿದ್ದರು. ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಬ್ಬರು ಎದ್ದು ಹೊರಗೆ ಹೋದವರು ವಾಪಸು ಬರಲಿಲ್ಲ.

ಹಾಗಾದರೆ ಈಗ ಏನು ಮಾಡಬೇಕು ಎಂದು ಅಭಿಲಾಷ್ ಕೇಳಿದರು. ಯಂತ್ರದ ಬಣ್ಣ ತಿರುಗುಮುರುಗು ಮಾಡಿದರೆ ಮತ್ತೆ ಗೆಲ್ಲಬಹುದೇ ಎಂಬುದು ಅವರ ಆಸೆ. ದೇವೀರಿ ಬಾಯಿ ತೆರೆಯುವ ಮೊದಲೇ ಸಿಂಚನ ಮೇಡಂ ತಲೆಯೆತ್ತಿದರು.

"ಸೋಲ್ಬೇಕು ಸಾರ್," ಎಂದರು. "ಐದಾರು ವರ್ಷ ಸೋಲ್ಬೇಕು. ಈ ಹುಡ್ಗೀರು ಇಲ್ಲೇ ಆಡ್ತಾ ವಯಸ್ಸಾಗ್ಬೇಕು. ಬೇರೆ ದಾರಿ ಇಲ್ಲ."

ಕೆಂಪಾಜಿಯನ್ನು ತೆಗೆಯುವ ಠರಾವನ್ನು ಹಿಂದಕ್ಕೆ ಪಡೆದರು. ಅರ್ಥ ಮಾಡಿಕೊಂಡು ಪಡೆದರೆಂದು ಹೇಳಲಾರೆ. ಸೋಲುವ ತಂಡಕ್ಕೆ ನಾಯಕಿಯಾಗಿ ಬೇರೆ ಯಾರೂ ಬರುವುದಿಲ್ಲ ಎಂದು ಒಬ್ಬರು ಗೊಣಗಿದರು, ಉಳಿದವರಿಗೆ ಆ ಕಾರಣ ಸಾಕಾಯಿತು. ಅಳತೆಕೋಣೆಗೆ ಬೀಗ ಹಾಕುವುದೋ ಬೇಡವೋ ಎಂಬುದನ್ನು ಮುಂದಿನ ಸಭೆಗೆ ತಳ್ಳಿದರು. ಕತ್ತಲಾಗುವ ಹೊತ್ತಿಗೆ ಹೊರಗೆ ಬಂದ ದೇವೀರಿ, ನೀನು ಇಳಿದಿಲ್ಲ ಎಂದು ಕೆಂಪಾಜಿಗೆ ಹೇಳಿದಳು. ಕೆಂಪಾಜಿ ಅವಳ ಕೈ ಹಿಡಿದುಕೊಂಡಳು. ನನ್ನ ಬೆನ್ನಕ್ಕನಿಗೆ ಹೇಳಿದಿರಾ ಎಂದು ಕೇಳಿದಳು. ದೇವೀರಿ ಮನೆಯ ದಾರಿ ಹಿಡಿದಳು.

ಸುದ್ದಿ ಅವಳಿಗಿಂತ ಬೇಗ ನಡೆದಿತ್ತು. ಬಿಚ್ಚಾಣಿಕೆ ಘಟಕದಲ್ಲಿ ತೆಗೆದುಹಾಕಿದ ಹುಡುಗಿಯರು ಇನ್ನೂ ಮೂವರಿದ್ದರು. ಒಬ್ಬಳು ಕೈಯಲ್ಲಿದ್ದ ಗೂಡುಗಳನ್ನು ತೊಟ್ಟಿಗೆ ಎಸೆದು ಹೊರಟುಹೋದಳಂತೆ. ಒಬ್ಬಳು ನಕ್ಕಳಂತೆ. ಚೆಲುವಕ್ಕ ಪಾಳಿ ಮುಗಿಸಿಯೇ ಬಂದಿದ್ದಳು. ಕೈಕಾಲು ತೊಳೆದು, ದೀಪ ಹಚ್ಚಿ, ಮುದ್ದೆ ತೊಳಸಿ ಕಟ್ಟಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ತಂಗಿ ಹೊಸಿಲು ದಾಟಿದ್ದು ಅವಳಿಗೆ ಗೊತ್ತಾಗಿತ್ತು. ತಿರುಗಲಿಲ್ಲ.

"ಮೊದಲ್ನೇ ಸಲ ಮೆಷೀನ್ ನನ್ನ ತಗೀತು," ಎಂದಳು. "ಇವತ್ತು ನೀನು ತಗ್ದೆ."

ದೇವೀರಿ ಗೋಡೆಗೆ ಒರಗಿ ಕೂತಳು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಸುಳ್ಳಾಗುತ್ತಿತ್ತು. ಮುದ್ದೆ ಆರಿಹೋಯಿತು. ಚೆಲುವಕ್ಕ ಒಮ್ಮೆ ಅತ್ತಳು, ಸದ್ದಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಮೂಗು ಒರೆಸಿಕೊಂಡು, ಆ ಹುಡುಗಿಯ ವಿಷಯ ಏನಾಯಿತು ಎಂದು ಕೇಳಿದಳು. ಉಳಿಸಿಕೊಂಡರು ಎಂದಳು ತಂಗಿ.

"ಎಷ್ಟ್ ವರ್ಸಕ್ಕೆ?"

"ಆಗೋವಷ್ಟು ದಿನ."

"ಆಡ್ಲಿ," ಎಂದಳು ಚೆಲುವಕ್ಕ. ತಟ್ಟೆ ಎಳೆದು ಮುದ್ದೆ ಇಟ್ಟು ತಂಗಿಯ ಮುಂದಕ್ಕೆ ತಳ್ಳಿದಳು. "ಕಾಲ್ ಸೋತ್ ಮ್ಯಾಲೂ ಆಡ್ಲಿ. ಅವಳ್ನಾದ್ರೂ ತಾನಾಗೇ ಇಳಿಯಕ್ಕೆ ಬುಡಿ."